ಚಿಪ್ಪುಮೀನಿನ ಮೇಲೆ ಚೀಸ್

ಚಿಪ್ಪುಮೀನಿನ ಸ್ಪಗೆಟ್ಟಿಗೆ ಚೀಸ್ ಉದುರಿಸಿಕೊಳ್ಳುವವರನ್ನು ನಮ್ಮಮ್ಮ ಎರ್ಸಿಲಿಯಾ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. "ಸಮುದ್ರದ ಊಟದಲ್ಲಿ ಹಸುವಿಗೇನು ಕೆಲಸ?" ಅನ್ನುತ್ತಿದ್ದಳು. ನನ್ನ ಮದುವೆ ಊಟದಲ್ಲಿ ನಮ್ಮ ಮಾವ ಬಾಯಿತಪ್ಪಿ ಚೀಸ್ ಕೇಳಿದರು. ಬೀಗರು ಅಂತಲೂ ನೋಡದೆ, "ತಲೆ ನೆಟ್ಟಗಿದೆಯಾ ನಿಮಗೆ?" ಅಂತ ಎಲ್ಲರೆದುರೇ ಕೇಳಿಬಿಟ್ಟಳು. ಪಾಪ, ಆ ಮನುಷ್ಯ ಇವತ್ತಿಗೂ ಅಮ್ಮನ ಎದುರು ಏನನ್ನೂ ಕೇಳುವುದಿಲ್ಲ, ನೀರನ್ನೂ.

ಆ ಭಾನುವಾರ ನನಗೆ ಮುಖ್ಯವಾದದ್ದು. ಮರುದಿನದಿಂದ ಮತ್ತೆ ಬೂಟಿನ ಕಾರ್ಖಾನೆಯ ಕೆಲಸ ಶುರು, ಎಂಟು ತಿಂಗಳ ಮಗಳು ಜೆಮ್ಮಾ ಅಮ್ಮನ ಹತ್ತಿರ. ಗಂಡ ಶಿಶುವಿಹಾರಕ್ಕೆ ಬಿಡೋಣ ಅಂದಿದ್ದ. "ನಮ್ಮಮ್ಮ ಗುಂಡುಕಲ್ಲಿನ ಹಾಗೆ ಇರೋವಾಗ ಮಗೂನ ಯಾರದೋ ಕೈಗೆ ಕೊಡಬೇಕಾ?" ಅಂತ ಜಗಳ ಆಡಿ ಗೆದ್ದಿದ್ದೆ. ಅದಕ್ಕೇ ಅಮ್ಮ ಅಪ್ಪನಿಗೆ ಮನೆಯಲ್ಲೇ ಕೋಳಿ ಹುರಿಯೋಣ ಅಂದುಕೊಂಡಿದ್ದೆ. ಅಪ್ಪ ಬಿಡಲಿಲ್ಲ. "ಗಾಸ್ಪರೆ ಹತ್ರ ಹೋಗೋಣ ಲೊರೆಡಾನಾ, ಚಿಪ್ಪುಮೀನು ತಿನ್ನೋಣ" ಅಂತ ಹಠ. ಹೊರಗಿನ ಊಟ ಅಂದರೆ ಮುಖ ಸಿಂಡರಿಸುವ ಅಪ್ಪ! ನನಗೂ ಆಶ್ಚರ್ಯವೇ.

ಗಾಸ್ಪರೆಯ ಊಟದಮನೆ ನದಿ ಸಮುದ್ರ ಸೇರುವಲ್ಲಿ, ಜೊಂಡಿನ ಹಿಂದೆ. ದ್ರಾಕ್ಷಿ ಚಪ್ಪರದ ಕೆಳಗೆ ಅಲ್ಲಾಡುವ ಬೆಂಚುಗಳು, ಬೇಲಿಯಾಚೆ ಅವನ ಕೋಳಿಗಳು.

"ಬಂದ್ರಾ ಎರ್ಸಿಲಿಯಕ್ಕ? ನಿಮ್ಮನ್ನ ನೋಡಿ ಒಳಗೆ ಅಡುಗೆಯವಳು ನಡುಗ್ತಿದ್ದಾಳೆ."

"ನಡುಗಲಿ ಬಿಡು. ಹೋದ ಸಲ ಬೆಳ್ಳುಳ್ಳಿ ಸೀಯಿಸಿದ್ಲು."

ನಾವೆಲ್ಲ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ನಾನು ಅದನ್ನು ಆಗ ಗಮನಿಸಬೇಕಿತ್ತು.

ತಟ್ಟೆಗಳು ಬಂದವು. ಹಬೆಯಾಡುವ ಸ್ಪಗೆಟ್ಟಿ, ಬಾಯಿಬಿಟ್ಟ ಚಿಪ್ಪುಗಳು. ಅಮ್ಮ ಮೂಸಿ ನೋಡಿ, ಅತ್ತಿತ್ತ ಕಣ್ಣಾಡಿಸಿದಳು.

"ಚೀಸ್ ಎಲ್ಲಿ ಗಾಸ್ಪರೆ?"

ಗಾಸ್ಪರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

"ಯಾಕೆ ಕಿಸೀತೀರಿ ಇಬ್ರೂ?" ಅಮ್ಮನ ದನಿ ಗಡುಸಾಯಿತು, ಆಮೇಲೆ ಒಡೆಯಿತು. "ಚೀಸ್ ಇಲ್ದೆ ಹೆಂಗೆ ತಿನ್ನೋದು? ನಾನು ಯಾವತ್ತಾದ್ರೂ ತಿಂದಿದ್ದೀನಾ?"

ಅಪ್ಪನ ಕಡೆ ತಿರುಗಿದೆ. ಯಾರಾದರೂ ಸ್ಪಗೆಟ್ಟಿಯನ್ನು ಚಾಕುವಿನಲ್ಲಿ ಕತ್ತರಿಸಿದರೂ ಹಣೆ ಚಚ್ಚಿಕೊಳ್ಳುವ ಮನುಷ್ಯ, ಈಗ ಎದ್ದು ಕೂಗಾಡಬೇಕಿತ್ತು. ಅಪ್ಪ ಬ್ರೆಡ್ ಮುರಿಯುತ್ತಾ, ತಲೆಯೆತ್ತದೆ ಅಂದ: "ತಂದ್ಕೊಡಪ್ಪ ಗಾಸ್ಪರೆ."

ನನ್ನ ನಗು ಅಲ್ಲಿಗೇ ನಿಂತಿತು. ಅಮ್ಮ ಕೇಳಿದ್ದಕ್ಕಲ್ಲ, ಅಪ್ಪ ಬೈಯದಿದ್ದಕ್ಕೆ.

ಬಟ್ಟಲು ಬಂತು. ಅಮ್ಮ ಮೀನು ಮುಚ್ಚುವಷ್ಟು ಚೀಸ್ ಸುರಿದುಕೊಂಡು ಖುಷಿಯಾಗಿ ತಿಂದಳು. ಅಪ್ಪನೂ ತನ್ನ ತಟ್ಟೆಗೆ ಹಾಕಿಕೊಂಡ. ನಾನು ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅಮ್ಮ ಕೈ ಒರೆಸಿಕೊಂಡು, "ಕೊಡೇ ಕಂದನ್ನ, ಕೋಳಿ ತೋರಿಸ್ತೀನಿ" ಅಂತ ಕೈ ಚಾಚಿದಳು. ಮಗುವನ್ನು ಕೊಡಲು ನನ್ನ ಕೈ ತಡೆಯಿತು. ನಮ್ಮಮ್ಮನಿಗೆ! ಕೊಟ್ಟೆ, ಬೇಲಿಯವರೆಗೂ ಕಣ್ಣು ಕೀಳಲಿಲ್ಲ.

"ಯಾವಾಗಿಂದ ಅಪ್ಪ?"

"ಚಳಿಗಾಲದಿಂದ. ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು ಸಂತೆಗೆ ಹೋಗಿಬಿಟ್ಟಿದ್ಲು."

"ಅಯ್ಯೋ ದೇವರೇ! ನಾಳೆ ಮಗೂನ ಬಿಟ್ಟು ಹೋಗೋಳಿದ್ದೆನಲ್ಲಪ್ಪ! ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೆ ಇಷ್ಟು ದಿನ?"

"ಆಣೆ ಮಾಡಿಸ್ಕೊಂಡ್ಲು, ಲೊರೆಡಾನಾಗೆ ಹೇಳಬಾರ್ದು ಅಂತ." ಅಪ್ಪ ಚಿಪ್ಪೊಂದನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಆಮೇಲೆ ಆಣೆ ಮಾಡಿಸ್ಕೊಂಡಿದ್ದನ್ನೂ ಮರೆತ್ಲು. ನನಗೆ ಮರೆಯೋಕಾಗ್ಲಿಲ್ಲ."

"ಅದಕ್ಕೇ ಇಲ್ಲಿಗೆ ಬರೋಣ ಅಂದ್ಯಾ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಕಣಮ್ಮ. ತೋರಿಸಲ್ಲ ಅಂತ ಕೊಟ್ಟಿರಲಿಲ್ಲ."

ಅಷ್ಟರಲ್ಲಿ ಅಮ್ಮ ವಾಪಸ್ ಬಂದಳು, ಜೆಮ್ಮಾಳ ಮುಷ್ಟಿಯಲ್ಲಿ ಕೋಳಿಪುಕ್ಕ.

"ಇದೇನೇ, ಹಾಗೇ ಇಟ್ಟಿದ್ದೀಯ?" ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ಚೀಸ್ ಹಾಕ್ಕೋ. ನಾಳೆ ಬೇಗ ಬಾ, ಕಂದನಿಗೆ ಸಾರು ಮಾಡಿಟ್ಟಿರ್ತೀನಿ."

"ನಾಳೆ ನಾನೂ ನಿನ್ ಜೊತೆಗೇ ಇರ್ತೀನಮ್ಮ. ಕೆಲಸಕ್ಕೆ ಹೋಗಲ್ಲ."

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಥೇಟ್ ನನ್ನ ಹಳೆಯ ಅಮ್ಮ.

"ನಾಳೆ ತಾನೇ ಕೆಲಸ ಶುರು ಅಂದಿದ್ದೆ? ತಲೆ ನೆಟ್ಟಗಿದೆಯೇನೇ ನಿನಗೆ?"

ಅಪ್ಪ ಮುಖವನ್ನು ಬ್ರೆಡ್ ಬುಟ್ಟಿಯ ಕಡೆ ತಿರುಗಿಸಿಕೊಂಡ. ನಾನು ಚೀಸ್ ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ರುಚಿಯಾಗಿಯೇ ಇತ್ತು, ಹಾಳಾದ್ದು.