ಎರಡನೆಯ ಚಾನೆಲ್

ಥೈರಾಯ್ಡ್ ಆಪರೇಷನ್ ಆಗಿ ಐದು ತಿಂಗಳಾದರೂ ಕಾಂಚನಳ ಧ್ವನಿ ಮರಳಿರಲಿಲ್ಲ. ಉಳಿದದ್ದು ಪಿಸುಮಾತು ಮಾತ್ರ. ಅದಕ್ಕೂ ಮೊದಲು ಮಿರಜ ಸುತ್ತಲಿನ ಮದುವೆಗಳಲ್ಲಿ ಅವಳು ಹಾಡುತ್ತಿದ್ದಳು, ಗಂಡ ಅಜಿತ ಗಿಟಾರ್ ನುಡಿಸುತ್ತಿದ್ದ.

ರವಿವಾರ ಮಧ್ಯಾಹ್ನ ಅಜಿತ ಮೈಕು, ವಾದ್ಯಗಳ ಸದ್ದು ಹೊಂದಿಸುವ ಹೊಸದೊಂದು ಸಣ್ಣ ಮಿಕ್ಸರ್ ತಂದು ಟೇಬಲ್ ಮೇಲಿಟ್ಟ. ಗಿಟಾರಿನ ಆಂಪ್ಲಿಫೈಯರ್‌ನಿಂದ ಬಂದ ವಾಯರನ್ನು ಮೊದಲನೆಯ ಚಾನೆಲ್‌ಗೆ, ಅವಳ ಮೈಕನ್ನು ಎರಡನೆಯದಕ್ಕೆ ಜೋಡಿಸಿದ.

“ನೀ ಹಗೂರಕ ಹಾಡು. ದೊಡ್ಡದು ಮಾಡೂದು ಇದರ ಕೆಲಸ,” ಎಂದ.

ಅವಳು ಬಾಯಿ ತೆರೆದಳು. ಸ್ಪೀಕರ್‌ನಲ್ಲಿ ಉಸಿರು ಕೇಳಿಸಿತು. ಅಜಿತ ಗಿಟಾರನ್ನು ಕೆಳಗಿಟ್ಟು ಮೈಕಿನ ಗುಂಡಿಯನ್ನು ಇನ್ನಷ್ಟು ತಿರುಗಿಸಿದ. ಫ್ಯಾನಿನ ಸದ್ದು ಬಂತು, ಬೀದಿಯ ರಿಕ್ಷಾದ ಹಾರ್ನ್ ಬಂತು, ಅವಳು ಉಗುಳು ನುಂಗಿದ್ದೂ ಬಂತು. ಹಾಡು ಬರಲಿಲ್ಲ. ಮತ್ತೂ ತಿರುಗಿಸಿದಾಗ ಸ್ಪೀಕರ್ ಕಿರ್ರೆಂದು ಚೀರಿತು. ಕಾಂಚನ ಮೈಕಿನ ವಾಯರ್ ಕಿತ್ತಳು.

“ಸಾಕ್ರಿ,” ಎಂದು ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. “ಲಿಂಗನೂರಿನವರಿಗೆ ಫೋನ್ ಮಾಡ್ರಿ. ಬ್ಯಾರೆ ಯಾರನ್ನರ ನೋಡ್ಕೊಳ್ರಿ ಅನ್ರಿ.”

ಮುಂದಿನ ತಿಂಗಳು ಅಲ್ಲಿನ ಮದುವೆಯೊಂದಕ್ಕೆ ಅಜಿತ ಬರುತ್ತೇವೆಂದು ಒಪ್ಪಿಕೊಂಡಿದ್ದ. ಮಿಕ್ಸರ್ ಆಫ್ ಮಾಡಿ ಫೋನ್ ಹಚ್ಚಿದ. ಮದುಮಗಳ ತಂದೆ ಧನಪಾಲ ಅವನಿಗೆ ಮಾತು ಮುಗಿಸಲೂ ಬಿಡಲಿಲ್ಲ.

“ಗೊತ್ತೈತ್ರಿ. ಹೋದ ತಿಂಗಳನ ಬ್ಯಾರೆಯವ್ರಿಗೆ ಹೇಳೇವಿ. ನಿಮಗ ಹ್ಯಾಂಗ ಹೇಳೂದು ಅಂತ ಸುಮ್ಮನಿದ್ವಿ.”

ಅಜಿತ “ಹೂಂನ್ರಿ” ಎಂದು ಫೋನ್ ಇಟ್ಟ. ಅವರು ಏನಂದರೆಂದು ಕಾಂಚನ ಕೇಳಲಿಲ್ಲ. ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅಳುತ್ತಿದ್ದಾಳೋ ಇಲ್ಲವೋ ಎಂಬುದು ಹೊರಗಿದ್ದ ಅವನಿಗೆ ತಿಳಿಯಲಿಲ್ಲ.