ತಿರುಗುಮುರುಗು ಅಂಕಿಗಳು

ನಮ್ಮಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮೈಚರ್ಮ ದಪ್ಪ, ಒರಟು. ಚರ್ಮ, ಕಿವಿ, ಕಣ್ಣು ಮೂರಕ್ಕೂ ಒಟ್ಟಿಗೆ ಗಂಟುಬೀಳುವ ಅಪರೂಪದ ಕಾಯಿಲೆಯಂತೆ. ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರಿಗೇ ಉಸಿರು ಕಟ್ಟುತ್ತದೆ. ಇಷ್ಟಿದ್ದೂ ಅವಳು ಗಡಿಯಾರ ರಿಪೇರಿಯಲ್ಲಿ ಎತ್ತಿದ ಕೈ. ಟಿಕ್ ಟಿಕ್ ಕೇಳಿಸದವಳು ಅದು ಹೇಗೆ ಮಾಡುತ್ತಾಳೆ ಎಂದು ಗಿರಾಕಿಗಳು ಕೇಳುತ್ತಾರೆ. ಎರಡೂ ಕಿವಿ ನೆಟ್ಟಗಿರುವ ನಾನು ಅದೇ ಅಂಗಡಿಯಲ್ಲಿ ಬರೀ ಧೂಳು ಹೊಡೆಯುತ್ತೇನೆ.

ನಾವು ಮಾತಾಡುವುದು ಕೈಯಲ್ಲಿ. ಅಂದರೆ ಅವಳಿಗೆ ಕಣ್ಣೇ ಕಿವಿ. ಈಗ ಆ ಕಣ್ಣಿಗೇ ಕಂಟಕ. ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಕಾರ್ನಿಯಾ, ಒಣಗಿ ಮಂಜಾಗುತ್ತಿದೆ, ಕೆಂಪು ನರಗಳು ಅದರೊಳಗೆ ನುಗ್ಗಿವೆ. "ಹೀಗೇ ಹೋದ್ರೆ ಎಡಗಣ್ಣಿನ ರೆಪ್ಪೆ ಅರ್ಧ ಹೊಲೀಬೇಕಾಗುತ್ತೆ" ಎಂದು ಡಾಕ್ಟರಮ್ಮ ಹೋದ ಸಲ, ಅಕ್ಕನಿಗೂ ತಿಳಿಯಲೆಂದು ಹೊಲಿಯುವಂತೆ ಬೆರಳಾಡಿಸಿ ಹೇಳಿದ್ದರು. ಅಂದಿನಿಂದ ಅಕ್ಕನಿಗೆ ನಿದ್ದೆಯಿಲ್ಲ.

"ಕಣ್ಣಿನ ಪರೀಕ್ಷೇಲಿ ಪಾಸಾದ್ರೆ ಹೊಲಿಯಲ್ಲ" ಎಂದು ಅವಳೇ ತೀರ್ಮಾನಿಸಿದಳು. "ನೀನು ಅಂಕಿ ಹೇಳಿಕೊಡು."

ಕಾಪಿ ಹೊಡೆಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಪ್ಪಿಕೊಂಡೆ.

ಪರೀಕ್ಷೆಯ ಕೋಣೆ ಚಿಕ್ಕದು. ಅಕ್ಕನ ತಲೆಯ ಹಿಂದೆ, ಗೋಡೆಯ ಮೇಲೆ ಅಂಕಿಗಳ ದೀಪದ ಹಲಗೆ. ಎದುರುಗೋಡೆಗೆ ಕನ್ನಡಿ. ನಾನು ಕನ್ನಡಿಯ ಪಕ್ಕ ಅಕ್ಕನಿಗೆ ಮುಖ ಮಾಡಿ ನಿಂತೆ. ಡಾಕ್ಟರಮ್ಮ ನನಗೆ ಬೆನ್ನು ಹಾಕಿ ಕೂತು, ಅಕ್ಕ ಬೆರಳಲ್ಲಿ ತೋರಿಸಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು.

ಹಲಗೆಯ ಅಂಕಿಗಳು ತಿರುಗುಮುರುಗಾಗಿದ್ದವು. ಅಚ್ಚು ಹಾಕಿದವನು ಕುಡಿದಿದ್ದ ಅಂತ ಕಾಣುತ್ತೆ ಎಂದುಕೊಂಡು, ಎಡದಿಂದ ಒಂದೊಂದೇ ಬೆರಳಲ್ಲಿ ತೋರಿಸಿದೆ. ಅಕ್ಕ ಚಾಚೂ ತಪ್ಪದೆ ಒಪ್ಪಿಸಿದಳು, ಇರುವೆಯಷ್ಟು ಸಣ್ಣ ಅಂಕಿಗಳ ಕೊನೆಯ ಸಾಲನ್ನೂ ಬಿಡಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಭೇಷ್! ಒಂದಂಕಿನೂ ತಪ್ಪಿಲ್ಲ. ಆದ್ರೆ ಎಲ್ಲಾ ಸಾಲೂ ಹಿಂದುಮುಂದು." ನಿಧಾನವಾಗಿ ನನ್ನ ಕಡೆ ತಿರುಗಿದರು. "ಈ ಹಲಗೇನ ಕನ್ನಡೀಲಿ ನೋಡಿ ಓದಬೇಕಮ್ಮಾ. ಅದಕ್ಕೇ ಉಲ್ಟಾ ಬರೆದಿರೋದು. ನೀವು ನಿಂತಿರೋ ಜಾಗದಿಂದ ನೋಡಿದ್ರೆ ಮಾತ್ರ ಹೀಗೆ ಬರುತ್ತೆ."

ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು.

"ದೃಷ್ಟಿ ಇಳೀತು ಅಂತ ಹೊಲಿಯಲ್ಲ" ಎಂದರು ಡಾಕ್ಟರಮ್ಮ. "ಎಡಗಣ್ಣಲ್ಲೊಂದು ಹುಣ್ಣಾಗಿದೆ. ರೆಪ್ಪೆ ಅರ್ಧ ಮುಚ್ಚಿದ್ರೆ ಕಣ್ಣು ಒದ್ದೆ ಇರುತ್ತೆ, ಹುಣ್ಣು ಮಾಯುತ್ತೆ. ಆಮೇಲೆ ಬಿಚ್ಚಬಹುದು. ಬಿಟ್ರೆ ಆ ಕಣ್ಣು ಕೈತಪ್ಪುತ್ತೆ."

ನಾನು ಅದನ್ನೆಲ್ಲ ಕೈಯಲ್ಲಿ ಹೇಳಿದೆ. ಅಕ್ಕ ತಲೆಯಾಡಿಸಿದಳು. ಯಾಕೋ ತೀರಾ ಬೇಗ ಆಡಿಸಿದಳು ಅನ್ನಿಸಿತು.

"ನಾನೇನು ಹೇಳಿದೆ, ಹೇಳು ನೋಡೋಣ" ಎಂದು ಹತ್ತಿರ ಹೋಗಿ ಕೇಳಿದೆ.

ಅವಳು ಕೈ ಎತ್ತಿದಳು. "ಒಂದೊಂದೇ ಬೆರಳಾದ್ರೆ ಕಾಣುತ್ತೆ. ಮಾತು ಕಾಣಲ್ಲ. ಆರು ತಿಂಗಳಾಯ್ತು. ನೀನು ನಕ್ಕಾಗ ನಾನೂ ನಗ್ತೀನಿ, ಅಷ್ಟೇ."

ಆರು ತಿಂಗಳು ನಾನು ಒಬ್ಬಳೇ ಮಾತಾಡಿಕೊಂಡಿದ್ದೆ. ಅವಳು ಒಬ್ಬಳೇ ಹೆದರಿಕೊಂಡಿದ್ದಳು.

ಮೊಣಕಾಲಿಗೆ ಮೊಣಕಾಲು ತಾಗುವಂತೆ ಸ್ಟೂಲು ಎಳೆದು ಕೂತೆ. ಡಾಕ್ಟರಮ್ಮನ ಮಾತನ್ನು ಅವಳ ಮೂಗಿನ ಮುಂದೆಯೇ, ನಿಧಾನವಾಗಿ, ಮೊದಲಿಂದ ಹೇಳಿದೆ. ಅವಳು ಕೈಗಳನ್ನೇ ನೋಡುತ್ತಿದ್ದಳು. ಏನು ಮಾಡಲೂ ತೋಚದೆ, ಹಿಂದಿನ ದಿನ ಅವಳು ಬಿದ್ದು ಬಿದ್ದು ನಕ್ಕಿದ್ದ ಜೋಕನ್ನೂ ಇನ್ನೊಮ್ಮೆ ಹೇಳಿದೆ.

ಅಕ್ಕ ಪೂರ್ತಿ ನೋಡಿದಳು. ತುಟಿ ಸಹ ಅಲುಗಲಿಲ್ಲ.

"ಇದೇನಾ? ಇದಕ್ಕಾ ನಾನು ಅಷ್ಟು ನಕ್ಕಿದ್ದು?"

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಎಡಗಣ್ಣು ಮುಚ್ಚಿ, ಗಾಳಿಯಲ್ಲಿ ಸೂಜಿ ಪೋಣಿಸಿ ತೋರಿಸಿದಳು.