ಹನ್ನೊಂದು ಹುಳ

ಭೀಮನಬೀಡಿನ ಶಿವರುದ್ರಮ್ಮನ ಜಗಲಿಯ ಮೇಲೆ ಭಾನುವಾರ ಬೆಳಗಾದರೆ ಸಾಲು ಕೂರುತ್ತಿತ್ತು. ಬಂದವರೆಲ್ಲ ಒಂದೊಂದು ಕೆನ್ನೆ ಹಿಡಿದುಕೊಂಡವರೇ. ಹಲ್ಲಿನ ಹುಳ ತೆಗೆಯುವುದರಲ್ಲಿ ಆಕೆಯ ಕೈಗುಣವೇ ಬೇರೆ ಎಂದು ತೆರಕಣಾಂಬಿಯ ತನಕ ಮಾತಿತ್ತು. ಮದ್ದೂರಿನ ಕಾಡಂಚಿನವರೂ ಬರುತ್ತಿದ್ದರು, ಒಮ್ಮೊಮ್ಮೆ ಕೇರಳದ ಲಾರಿ ಡ್ರೈವರುಗಳೂ ಬಂದು ಬಾಯಿ ತೆರೆದು ಕೂತದ್ದುಂಟು. ಆಕೆ ಕಾಸು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಷ್ಟೇ. ಕಾಸು ಮುಟ್ಟದವರಿಗೆ ಪಾಪವೂ ಮುಟ್ಟುವುದಿಲ್ಲ ಅಂತ ಆಕೆ ನಂಬಿದ್ದಳು. ನಂಬುವುದಕ್ಕೇನು, ಗಂಟೇನೂ ಹೋಗುವುದಿಲ್ಲವಲ್ಲ.

ಕೆಲಸವೂ ದೊಡ್ಡದೇನಲ್ಲ. ಹಿತ್ತಾಳೆ ತಟ್ಟೆಯ ತುಂಬ ನೀರು, ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ಹಳೆಯ ನೇಗಿಲ ಕುಳದ ತುಂಡು. ಅದರ ಮೇಲೆ ಒಂದು ಚಿಟಿಕೆ ಗುಳ್ಳದ, ಅಂದರೆ ಕಾಡುಬದನೆಯ, ಬೀಜ ಉದುರಿಸಿ, ಎರಡು ಹನಿ ಹರಳೆಣ್ಣೆ ಬಿಟ್ಟು, ತೂತಿರುವ ತೆಂಗಿನ ಚಿಪ್ಪು ಕವುಚುವುದು. ತೂತಿಗೆ ಪರಂಗಿ ಎಲೆಯ ದಂಟು ಸಿಕ್ಕಿಸಿದರೆ ಹೊಗೆ ನೇರ ನೋಯುವ ಹಲ್ಲಿಗೆ ಹೋಗುತ್ತಿತ್ತು. ಜೊಲ್ಲನ್ನು ಅದೇ ತಟ್ಟೆಗೆ ಉಗುಳಬೇಕು. ಆಮೇಲೆ ಚಿಪ್ಪು ಎತ್ತಿದರೆ ನೀರಿನಲ್ಲಿ ಕಪ್ಪು ತಲೆಯ ಬಿಳಿ ಹುಳಗಳು ತೇಲುತ್ತಿದ್ದವು. ಅವನ್ನು ಎಣಿಸಿ ಹೇಳಿದರೆ ಬಂದವರ ಅರ್ಧ ನೋವು ಅಲ್ಲೇ ಇಳಿಯುತ್ತಿತ್ತು.

ಅವು ಹುಳಗಳಲ್ಲ. ಬೀಜ ಕಾವಿಗೆ ಸಿಡಿದಾಗ ಹೊರಗೆ ಹಾರುವ ಮೊಳಕೆ. ಕೆಲಸ ಕಲಿಸಿದ ಅತ್ತೆಯೇ ಗುಟ್ಟನ್ನೂ ಹೇಳಿಕೊಟ್ಟಿದ್ದಳು. "ನೋಯೋರ್ಗೆ ಒಂದು ನೆಪ ಬೇಕು ಕಣಮ್ಮಿ. ನೀ ಬಾಯ್ ಮುಚ್ಕಂಡಿದ್ರೆ ಅವ್ರ ಬಾಯಿ ವಾಸಿಯಾಯ್ತದ." ಶಿವರುದ್ರಮ್ಮ ಮೂವತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದಳು.

ಕರಿಯಮ್ಮ ಹಿಂದಿನ ಬೀದಿಯವಳು. ಇಬ್ಬರೂ ಜೊತೆಯಲ್ಲಿ ಈರುಳ್ಳಿ ಹೊಲದ ಕಳೆಗೆ, ಚೆಂಡುಹೂ ಕೀಳುವುದಕ್ಕೆ ಹೋಗುತ್ತಿದ್ದವರು, ಒಂದೇ ಬುತ್ತಿ ಬಿಚ್ಚಿ ತಿಂದವರು. ಮೂರು ವರ್ಷದ ಹಿಂದೆ ಕರಿಯಮ್ಮನಿಗೆ ಕೆಳಗಿನ ದವಡೆಹಲ್ಲು ನೊಂದಾಗ ಮಗಳು ಸುಧಾಮಣಿ ಬಲವಂತವಾಗಿ ಅವಳನ್ನು ಚಾಮರಾಜನಗರದ ಹಲ್ಲಿನ ಡಾಕ್ಟರ ಬಳಿಗೆ ಕರೆದೊಯ್ದಿದ್ದಳು. ಅಲ್ಲಿ ರೂಟ್ ಕೆನಾಲ್ ಶುರು ಮಾಡಿದ್ದರು. ಮೊದಲ ದಿನ ಹಲ್ಲು ಕೊರೆದು, ಒಳಗೆ ಔಷಧಿಯಿಟ್ಟು, ಸದ್ಯಕ್ಕೆಂದು ಸಿಮೆಂಟು ಮೆತ್ತಿ, ವಾರ ಬಿಟ್ಟು ಬನ್ನಿ ಎಂದಿದ್ದರು. ನೋವು ಮಾರನೆಯ ದಿನವೇ ಮಾಯವಾಯಿತು.

"ನೋವೇ ಓಯ್ತಲ್ಲ ಶಿವ್ರುದ್ರಕ್ಕ, ಇನ್ಯಾಕೆ ಅಷ್ಟ್ ದೂರ ಓಗದು?" ಎಂದು ಕರಿಯಮ್ಮ ಹೂವಿನ ಸಾಲಿನಲ್ಲಿ ಕೇಳಿದಳು.

"ಓಗ್ಬೇಡ ಬುಡು, ಸುಮ್ನೆ ಅಲೆಸ್ತರೆ. ಮತ್ತೆ ಏನಾರ ಆದ್ರೆ ನಾನಿಲ್ವಾ?"

ಐದು ತಿಂಗಳಿಗೆ ಆ ಹಲ್ಲಿನ ಬುಡ ಊದಿತು. ಕರಿಯಮ್ಮ ಬಂದು ಜಗಲಿಯ ಮೇಲೆ ಕೂತಳು. ಶಿವರುದ್ರಮ್ಮ ಹೊಗೆ ಹಿಡಿಸಿದಳು. ಗೆಳತಿಯೆಂದು ಬೀಜವನ್ನು ಒಂದಿಷ್ಟು ಹೆಚ್ಚಿಗೆ ಹಾಕಿದ್ದಳು. ಹನ್ನೊಂದು ಹುಳ ಬಿದ್ದವು. ಕರಿಯಮ್ಮ ನಗುನಗುತ್ತ ಮನೆಗೆ ಹೋದಳು. ನಾಲ್ಕನೆಯ ದಿನ ಊತ ಕತ್ತಿಗಿಳಿಯಿತು. ಮೈಸೂರಿಗೆ ಹೊರಟ ಆಂಬುಲೆನ್ಸ್ ಬೇಗೂರು ದಾಟುವ ಹೊತ್ತಿಗೆ ಉಸಿರು ಕಟ್ಟಿ ಅವಳ ಪ್ರಾಣ ಹೋಗಿತ್ತು.

ಆಸ್ಪತ್ರೆಯವರು ಹಲ್ಲು ಕೊರೆದದ್ದರಿಂದಲೇ ಹೀಗಾಯಿತು ಎಂದು ಊರು ಹೇಳಿತು. ಶಿವರುದ್ರಮ್ಮನೂ ಹಾಗೇ ಹೇಳಿದಳು, ಹಾಗೇ ನಂಬಿದಳು. ತನ್ನ ಹಲ್ಲೇ ನೋಯುವ ತನಕ ಆ ನಂಬಿಕೆಗೆ ಏನೂ ಆಗಲಿಲ್ಲ.

ಊರಿಗೆಲ್ಲ ಹುಳ ತೆಗೆಯುವವಳು ತನಗೆ ತಾನೇ ಹೊಗೆ ಹಿಡಿಸಿಕೊಳ್ಳುವುದುಂಟೇ? ಮೊಳಕೆಯ ಗುಟ್ಟು ಗೊತ್ತಿದ್ದವಳಿಗೆ ಅದು ಎಲ್ಲಿ ನಾಟೀತು! ಲವಂಗ ಕಚ್ಚಿದಳು, ಉಪ್ಪುನೀರು ಮುಕ್ಕಳಿಸಿದಳು. ಕೊನೆಗೆ ಗುಂಡ್ಲುಪೇಟೆಯಲ್ಲಾದರೆ ಗುರುತಿನವರ ಕಣ್ಣಿಗೆ ಬೀಳುತ್ತೇನೆಂದು ಸೆರಗು ಮುಸುಕಿಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು. ಅಲ್ಲಿನ ಡಾಕ್ಟರು ಬಿಂದುಶ್ರೀ ಎಂಬ ಸಣ್ಣ ವಯಸ್ಸಿನ ಹುಡುಗಿ. ಎಕ್ಸರೇ ತೆಗೆದು ಬೇರಿನ ತುದಿಯ ಕಪ್ಪು ಮಚ್ಚೆ ತೋರಿಸಿದಳು.

"ಹಲ್ಲಿನೊಳಗೆ ನರ ಇರುತ್ತಮ್ಮ. ಅದು ಕೊಳೆತರೆ ಬೇರಿನ ತುದಿಯಲ್ಲಿ ಕೀವಾಗುತ್ತೆ. ಇಂಜೆಕ್ಷನ್ ಕೊಟ್ಟು ಅದನ್ನೆಲ್ಲ ತೆಗೆದು, ತೊಳೆದು, ತುಂಬಿ ಮುಚ್ತೀವಿ. ಆಮೇಲೆ ಮೇಲೊಂದು ಕ್ಯಾಪು. ನೀವು ಮೂರು ಸಲ ಬರಬೇಕಾಗುತ್ತೆ. ಜನ ಒಂದು ಸಲ ಬಂದು ನೋವು ಹೋಯ್ತು ಅಂತ ಬಿಟ್ಟುಬಿಡ್ತಾರೆ. ನೋವು ಹೇಳೋ ನರವನ್ನೇ ತೆಗೆದ ಮೇಲೆ ನೋವು ಎಲ್ಲಿಂದ ಬರುತ್ತೆ? ಸಿಮೆಂಟು ಸವೆದು ಒಳಗೆ ಮತ್ತೆ ಕೊಳೆಯೋಕೆ ಶುರುವಾಗುತ್ತೆ. ಊತ ಕತ್ತಿಗಿಳಿದ್ರೆ ಉಸಿರೇ ಕಟ್ಟಬಹುದು. ಅಂಥ ಹೊತ್ತಲ್ಲಿ ಒಂದು ದಿನವೂ ತಡ ಮಾಡಬಾರದು."

"ತಡ ಮಾಡ್ದೆ ಬಂದಿದ್ರೆ?"

"ಸಾಮಾನ್ಯವಾಗಿ ಬದುಕ್ತಾರಮ್ಮ."

ಇಂಜೆಕ್ಷನ್ನಿಗೆ ದವಡೆ ಮರಗಟ್ಟಿತ್ತು. ಹಲ್ಲು ಕೊರೆಯುವಾಗ ನೋವೇನೂ ಆಗಲಿಲ್ಲ. ಶಿವರುದ್ರಮ್ಮನ ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಲೇ ಇತ್ತು. ನೋವಾಗ್ತಿದೆಯಾ ಎಂದು ಡಾಕ್ಟರು ಎರಡು ಸಲ ಕೇಳಿದಳು. ಆಕೆ ಇಲ್ಲವೆಂದು ತಲೆಯಾಡಿಸಿದಳು.

ಮೂರು ಸಲವೂ ಹೋಗಿ ಚಿಕಿತ್ಸೆ ಮುಗಿಸಿಕೊಂಡು ಬಂದಳು. ಬಂದ ಮೊದಲ ಭಾನುವಾರವೇ ಕರಿಯಮ್ಮನನ್ನು ಕಂಡಳು.

ಬೆಳಗಿನ ಒಂಬತ್ತು ಗಂಟೆಯ ಬಿಸಿಲು. ಸಾಲಿನ ಕೊನೆಯಲ್ಲಿ, ಕಂಬಕ್ಕೆ ಒರಗಿ, ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕರಿಯಮ್ಮ ಕೂತಿದ್ದಳು. ಎಲ್ಲರ ನೆರಳೂ ಜಗಲಿಯ ಮೇಲೆ ಬಿದ್ದಿತ್ತು, ಅವಳದೂ ಬಿದ್ದಿತ್ತು. ಮುಂದಿನವರು ಎದ್ದರೆ ಅವಳೂ ಒಂದು ಮೊಳ ಮುಂದಕ್ಕೆ ಸರಿಯುತ್ತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಮಾತ್ರ ಆ ಜಾಗ ಖಾಲಿ. ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಶಿವರುದ್ರಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

ಇಷ್ಟಾದರೂ ಆಕೆ ಹೊಗೆ ಹಿಡಿಸುವುದನ್ನು ಬಿಡಲಿಲ್ಲ. ಯಾಕೆ ಬಿಟ್ಟೆ ಅಂತ ಊರು ಕೇಳಿದರೆ ಹೇಳಬೇಕಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ, ಸುಮ್ಮನೆ ಅಲ್ಲ.

ಐದನೆಯ ಭಾನುವಾರ ಸಾಲಿನ ನಡುವೆ ಕರಿಯಮ್ಮನ ಮಗಳು ಸುಧಾಮಣಿ ಬಂದು ಕೂತಳು. ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇಪ್ಪತ್ತನಾಲ್ಕು ವರ್ಷ. ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಕಣ್ಣು ಜ್ವರಕ್ಕೆ ಕೆಂಪಾಗಿದ್ದವು. ಅವಳ ಬೆನ್ನಿಗೆ ಅಂಟಿದಂತೆ ಕರಿಯಮ್ಮ ಕೂತಿದ್ದಳು.

"ದೊಡ್ಡವ್ವ, ತಡಿಯಕ್ಕಾಯ್ತಿಲ್ಲ. ಹುಳ ತಗ್ದುಬುಡು."

ಶಿವರುದ್ರಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಬೇಡ ಕಣಮ್ಮಿ. ಆಸ್ಪತ್ರೆಗೆ ಓಗು, ಈಗ್ಲೇ ಓಗು. ನಾನೂ ಬತ್ತೀನಿ, ಓಗನ."

"ಸಾಯ್ತೀನಿ, ಅಲ್ಗೆ ಮಾತ್ರ ಓಗಲ್ಲ." ಹುಡುಗಿ ಊದಿದ ಬಾಯಲ್ಲೇ ಗಟ್ಟಿಯಾಗಿ ಹೇಳಿದಳು. "ಅವ್ವ ಬೇಡ ಬೇಡ ಅಂದ್ರೂ ನಾನೇ ಎಳ್ಕಂಡ್ ಓದೆ. ನಾನೇ ಕೊಂದ್ಬುಟ್ಟೆ ಅವ್ವನ್ನ. ನೀ ಹನ್ನೊಂದು ಹುಳ ತಗ್ದಿದ್ದೆ. ಮೊದ್ಲೇ ನಿನ್ ತಾವ ಬಂದಿದ್ರೆ ಬದುಕ್ತಿದ್ಲು."

ಈ ಮಗು ಎರಡೂವರೆ ವರ್ಷದಿಂದ ಇದನ್ನು ಹೊತ್ತುಕೊಂಡು ತಿರುಗುತ್ತಿದೆ ಎಂಬುದು ಶಿವರುದ್ರಮ್ಮನಿಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಹೊಗೆ ಹಿಡಿಸಿ ಕಳಿಸಿದರೆ ಇವಳು ದೊಡ್ಡವ್ವ ಅಂತಲೇ ಕರೆಯುತ್ತ ತಾಯಿಯ ದಾರಿ ಹಿಡಿಯುತ್ತಾಳೆ. ನಿಜ ಹೇಳಿದರೆ ಬದುಕುತ್ತಾಳೆ, ಆದರೆ ಮತ್ತೆಂದೂ ಈ ಜಗಲಿ ಹತ್ತುವುದಿಲ್ಲ. ಮಕ್ಕಳಿಲ್ಲದ ಶಿವರುದ್ರಮ್ಮನನ್ನು ದೊಡ್ಡವ್ವ ಎಂದು ಕರೆಯುವವಳು ಊರಿನಲ್ಲಿ ಇವಳೊಬ್ಬಳೇ. ಹಿಂದೆ ಕೂತ ಕರಿಯಮ್ಮ ಕೆನ್ನೆಯಿಂದ ಸೆರಗು ತೆಗೆಯದೆ ನೋಡುತ್ತಿದ್ದಳು.

"ಬಾ ಇಲ್ಲಿ," ಎಂದಳು ಶಿವರುದ್ರಮ್ಮ. "ನೀವೂ ಬನ್ನಿ, ಎಲ್ಲಾರೂ ನೋಡಿ."

ಕುಳದ ತುಂಡನ್ನು ಕಾಯಿಸಿ ಕಲ್ಲಿನ ಮೇಲಿಟ್ಟಳು. ಬೀಜ ಉದುರಿಸಿದಳು, ಎಣ್ಣೆ ಬಿಟ್ಟಳು, ಚಿಪ್ಪು ಕವುಚಿದಳು. ಸುಧಾಮಣಿ ಬಾಯಿ ತೆರೆದು ಬಾಗಿದಾಗ ಅವಳ ಭುಜ ಹಿಡಿದು ಹಿಂದಕ್ಕೆ ಸರಿಸಿದಳು. ದಂಟಿನ ಬಾಯಿಂದ ಹೊಗೆ ಯಾರ ಬಾಯಿಗೂ ಹೋಗದೆ ಸೂರಿನ ಕಡೆ ಏರಿತು. ಒಳಗೆ ಚಟಚಟ ಸದ್ದಾಯಿತು. ಶಿವರುದ್ರಮ್ಮ ಚಿಪ್ಪು ಎತ್ತಿದಳು.

ನೀರಿನ ಮೇಲೆ ಹುಳಗಳು ತೇಲುತ್ತಿದ್ದವು. ಸುಧಾಮಣಿ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು.

"ಇದು ಬೀಜ್ದೊಳಗಿನ ಮೊಳಕೆ ಕಣಮ್ಮಿ. ಯಾರ್ ಬಾಯೊಳಗಿಂದೂ ಒಂದು ಹುಳಾನೂ ಬಿದ್ದಿಲ್ಲ. ನಿಮ್ಮವ್ವನ್ನ ನೀನು ಕೊಲ್ಲಿಲ್ಲ. ಇನ್ನೆರಡ್ ಸಲ ಓಗಿದ್ರೆ ಬದುಕ್ತಿದ್ಲು. ಓಗ್ಬೇಡ ಅಂದೋಳು ನಾನು. ಊದ್ಕಂಡು ಬಂದಾಗ ಕೂರ್ಸಿ ಹೊಗೆ ಹಿಡ್ಸಿದೋಳೂ ನಾನೇ."

"ಇದು ಮೊಳಕೆ ಅಂತ ಆವತ್ತು ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅಂದರೆ ಮುಗಿಯಿತು. ಹುಡುಗಿ ನಂಬುತ್ತಿದ್ದಳು, ಊರೂ ನಂಬುತ್ತಿತ್ತು, ಅತ್ತೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು.

"ಗೊತ್ತಿತ್ತು," ಎಂದಳು.

ಸುಧಾಮಣಿ ಬೆರಳನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಜಗಲಿಯಿಂದ ಇಳಿದು ಬಸ್ಸು ನಿಲ್ಲುವ ಕಡೆಗೆ ನಡೆದಳು. ಶಿವರುದ್ರಮ್ಮ ಹಿಂದೆಯೇ ಓಡಿ, "ಒಬ್ಳೇ ಓಗ್ಬೇಡ, ಜ್ವರ ಅದ," ಎಂದಳು. ಹುಡುಗಿ ತಿರುಗಿ ನೋಡಲಿಲ್ಲ. ಕೆನ್ನೆ ಹಿಡಿದುಕೊಂಡು ಬಂದಿದ್ದ ಇನ್ನೊಬ್ಬ ಹೆಂಗಸು ಸುಮ್ಮನೆ ಎದ್ದು ಅವಳ ಜೊತೆ ಹೋದಳು.

ಒಂದೂವರೆ ತಿಂಗಳ ಮೇಲೆ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದರು. ಸುಧಾಮಣಿಯ ಕೆನ್ನೆ ಇಳಿದಿತ್ತು, ಮುಖ ಹೊಳೆಯುತ್ತಿತ್ತು. ನೋಡಿದ ಶಿವರುದ್ರಮ್ಮನಿಗೆ ಅಳು ಬರುವಷ್ಟು ಸಂತೋಷವಾಯಿತು.

"ಹಲ್ಲು ಎಂಗದ ಮಗ?"

"ಕೀವು ತಗ್ದು, ಮಾತ್ರೆ ಕೊಟ್ಟು, ಆಮೇಲೆ ಮೂರು ಸಲ ಕರ್ದಿದ್ರು. ಎಲ್ಲಾ ಸಲಾನೂ ಓದೆ. ಕ್ಯಾಪ್ ಹಾಕವ್ರೆ. ವಾಸಿಯಾಗದ, ಶಿವರುದ್ರಮ್ಮನೋರೆ," ಎಂದು ಹುಡುಗಿ ಬಸ್ಸು ಹತ್ತಿದಳು.

ಅದರ ಮಾರನೆಯ ದಿನ ಭಾನುವಾರ. ಜಗಲಿ ಹತ್ತುವವರು ಈಗ ಯಾರೂ ಇರಲಿಲ್ಲ. ಕರಿಯಮ್ಮ ಮಾತ್ರ ಬಂದಿದ್ದಳು. ಮುಂದೆ ಸಾಲಿಲ್ಲದ್ದರಿಂದ ಅವಳ ಸರದಿ ಬಂದೇ ಬಿಟ್ಟಿತ್ತು. ಈ ಸಲ ಮಾಯವಾಗಲಿಲ್ಲ. ಸೆರಗು ಸರಿಸಿ ಬಾಯಿ ತೆರೆದಳು. ಶಿವರುದ್ರಮ್ಮ ಬರಿಗೈಯಲ್ಲಿ ಅವಳೆದುರು ಕೂತಳು. ಹನ್ನೊಂದು ಹುಳ ಬಿದ್ದ ದಿನ ತಟ್ಟೆಯನ್ನು ನೋಡಿದ್ದಳೇ ಹೊರತು ಗೆಳತಿಯ ಬಾಯಿಯೊಳಗೆ ಒಂದು ಸಲವೂ ನೋಡಿರಲಿಲ್ಲ. ಈಗ ಬಾಗಿ ನೋಡಿದಳು.